ಅಚ್ಚಾಗದ ಮಾತು ಓದಿದ ನೀಲಮ್ಮಕ್ಕ

ನೀಲಮ್ಮಕ್ಕ ಯೋಚಿಸುತ್ತಿದ್ದಾರೋ ನಿದ್ದೆ ಹೋಗಿದ್ದಾರೋ ಹೇಳುವುದು ಕಷ್ಟವಿತ್ತು. ಕುರ್ಚಿಯ ಮೇಲೆ ಕಾಲು ಮಡಚಿ, ಕಣ್ಣು ಮುಚ್ಚಿ, ಅಂಗೈಯನ್ನು ಬೀರುವಿನಷ್ಟು ದೊಡ್ಡ ಕಂಪ್ಯೂಟರಿಗೆ ಒತ್ತಿ ಕೂತುಬಿಡುವರು. ಹೊರಗೆ ವಾಡಿಯ ಬಿಸಿಲಲ್ಲಿ ಸಿಮೆಂಟ್ ಕಾರ್ಖಾನೆಯ ಧೂಳು ಹಿಟ್ಟಿನಂತೆ ಇಳಿಯುತ್ತಿತ್ತು; ಒಳಗೆ ತಂಪು, ದೂರದ ಗೂಡಿನ ಗುಂಯ್‌ಗುಡುವಿಕೆ. ‘ಎಚ್ಚರ ಇದ್ದೀರೇನ್ರಿ?’ ಅಂದರೆ, ‘ಒಳಗ ಅಡ್ಡಾಡಾಕತ್ತೀನಿ, ತಡಿ’ ಅನ್ನುವರು.

ಎಂಬತ್ತರ ದಶಕದ ಮಾತು. ಸುಣ್ಣಗಲ್ಲು ಸುಡುವ ಗೂಡಿನ ಶಾಖವನ್ನು ಕಂಪ್ಯೂಟರಿನಿಂದ ಕಾಯುವ ಕೆಲಸ ನಮ್ಮಿಬ್ಬರದು. ಯಂತ್ರವನ್ನೆಲ್ಲ ನಡೆಸುವ ಮೂಲ ಪ್ರೋಗ್ರಾಮನ್ನು, ಅಂದರೆ ‘ಕರ್ನಲ್’ ಅನ್ನು, ಬರೆದವರು ಸೇಡಂನ ನೀಲಮ್ಮಕ್ಕ. ಅದರೊಳಗೆ ಶಾಖ ಓದುವ ತುಣುಕು ನನ್ನದು. ಯಂತ್ರ ಪದೇ ಪದೇ ಮರಗಟ್ಟುತ್ತಿತ್ತು. ಆ ದಿನ ಕಾರ್ಖಾನೆಯ ಸಾಹೇಬರು ಹೇಳಿಬಿಟ್ಟಿದ್ದರು: ಸಂಜೆಯೊಳಗೆ ತಪ್ಪು ಯಾರದೆಂದು ತಿಳಿಯಬೇಕು, ಅವರು ಈ ಕೆಲಸ ಬಿಡಬೇಕು.

ನನ್ನ ತುಣುಕಿನ ಮೊದಲಲ್ಲಿ ‘ಬಂದೆ’, ಕೊನೆಯಲ್ಲಿ ‘ಹೊರಟೆ’ ಎಂದು ಇಂಗ್ಲಿಷ್ ಅಕ್ಷರಗಳಲ್ಲೇ ಅಚ್ಚಾಗುವಂತೆ ಬರೆದಿದ್ದೆ. ಯಂತ್ರ ನಿಂತಿತು, ಕಾಗದದ ಮೇಲೆ ಎರಡೂ ಇಲ್ಲ. ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ ನನ್ನದು. ‘ಬಂದೆ ಅಂತ ಬಿದ್ದಿಲ್ಲ. ಅಂದಮ್ಯಾಗ ನನ್ನ ಕೋಡ್ ನಡದೇ ಇಲ್ಲ. ನಡೀಲಾರದ್ದು ತಪ್ಪು ಹ್ಯಾಂಗ ಮಾಡ್ತದ?’

‘ವಕೀಲ್ ಸಾಬ್, ಕಾಗದದ ಮ್ಯಾಲ ಬರಲಿಲ್ಲಂದ್ರ ಅದು ಮಾತೇ ಆಡಿಲ್ಲಂತೇನು?’

ಕರ್ನಲ್ ತಕ್ಷಣ ಅಚ್ಚು ಹಾಕುವುದಿಲ್ಲ. ಮಾತನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಪ್ರಿಂಟರು ಬಿಡುವಾದಾಗಲೆಲ್ಲ ಕರ್ನಲ್‌ನ ಬಾಗಿಲು ಬಡಿದು ಒಂದೊಂದೇ ಅಕ್ಷರ ಒಯ್ಯುತ್ತದೆ. ನಡುವೆ ಯಂತ್ರ ಮರಗಟ್ಟಿದರೆ ಮಾತು ಒಳಗೇ ಉಳಿಯುತ್ತದೆ. ಯಂತ್ರ ಆರಿಸಲು ಹೋದ ನನ್ನ ಕೈ ಹಿಡಿದರು. ‘ಬ್ಯಾಡ. ಇದ್ದದ್ದೂ ಅಳಿಸಿ ಹೋಗ್ತದ.’

ಸ್ವಿಚ್ಚುಗಳನ್ನು ಒತ್ತುತ್ತ, ಯಂತ್ರದ ಮುಖದ ಮೇಲಿನ ಕೆಂಪು ದೀಪಗಳಿಂದ ಮೆಮೊರಿಯ ಒಂದೊಂದು ಮನೆಯನ್ನೂ ಓದಿದರು. ದೀಪಗಳು ಅವರ ಕನ್ನಡಕದಲ್ಲಿ ತೇಲಿದವು. ಅಕ್ಷರಕ್ಕೆ ಅಕ್ಷರ ಕೂಡಿ ‘ಬಂದೆ’ ಆಯಿತು. ಅಂದರೆ ನನ್ನ ಕೋಡ್ ನಡೆದಿತ್ತು. ಇನ್ನೂ ಮುಂದೆ ಹೋದರು. ‘ಹೊರಟೆ’.

ಸ್ವಿಚ್ಚಿನಿಂದ ಕೈ ತೆಗೆದು ನನ್ನತ್ತ ತಿರುಗಿದರು.

‘ನೀ ನೆಟ್ಟಗ ಹೋಗೀದಿ. ಮುಂದಿಂದು ನನ್ನ ಕೋಡ್. ಅದರಾಗ ಯಾರೂ ಬಾಗಿಲಾ ಬಡೀಬ್ಯಾಡ್ರಿ ಅಂತ ಚಿಲಕಾ ಹಾಕೀನಿ, ತೆಗಿಯೋದು ಮರ್ತೀನಿ. ಪಾಪ, ಪ್ರಿಂಟರ್ ಹೊರಗೇ ನಿಂತದ.’ ನಕ್ಕರು. ‘ತಪ್ಪು ನಿಂದಲ್ಲ ಅನ್ನೋ ಮಾತು ಖರೇ ಆತು, ವಾದ ಸುಳ್ಳಾತು.’

‘ಒಂದು ಸಾಲು ಸೇರಿಸಿದ್ರ ಮುಗೀತದ. ಸಾಹೇಬ್ರಿಗಿ ಯಾಕ ಹೇಳಬೇಕ್ರಿ?’ ಅಂದೆ.

‘ನೀ ಸಾಲು ಸೇರಿಸು,’ ಎಂದು ಚಪ್ಪಲಿ ಮೆಟ್ಟಿ ಸಾಹೇಬರ ಕೋಣೆಗೆ ನಡೆದರು.

ಯಂತ್ರ ಮತ್ತೆ ನಿಲ್ಲಲಿಲ್ಲ. ಕೆಲವು ದಿನಗಳಲ್ಲೇ ವಾಡಿ ಜಂಕ್ಷನ್ನಿನಲ್ಲಿ ಅವರನ್ನು ಹೈದರಾಬಾದಿನ ಗಾಡಿಗೆ ಹತ್ತಿಸಿದೆ. ಅದೇ ನಮ್ಮ ಕೊನೆಯ ಭೇಟಿ. ತಪ್ಪು ಹುಡುಕಿದವರನ್ನೇ ಕೆಲಸದಿಂದ ತೆಗೆದದ್ದು ಹೇಗೆ ಅನ್ಯಾಯವೆಂದು ಕಿಟಕಿಯ ಬಳಿ ನಿಂತು ವಾದ ಶುರುಮಾಡಿದ್ದೆ. ಅವರು ಸರಳುಗಳ ನಡುವಿನಿಂದ ಶೇಂಗಾ ಹೋಳಿಗೆ ಚಾಚಿದರು. ‘ಮೊದಲ ತಿನ್ನು. ಆಮ್ಯಾಲ ವಾದಾ ಮಾಡು.’

ಬಾಯಿ ತುಂಬ ಹೋಳಿಗೆ ಇರುವಾಗಲೇ ಗಾಡಿ ಕದಲಿತು.