ತುಳಜಾಳ ಕಡೆಯ ಕಾಗದ

ದಾಂಡೇಲಿಯ ಕಾಗದದ ಮಿಲ್ಲಿನಿಂದ ನಿವೃತ್ತನಾದ ಮೇಲೆ ಪರಶುರಾಮ ಅಂಬೇವಾಡಿಯ ಮನೆಯಲ್ಲಿ ವಂಶಾವಳಿ ಬರೆಯಲು ಕುಳಿತ. ಆಧಾರಕ್ಕಿದ್ದದ್ದು ಒಂದು ಗಂಟು ಹಳೆಯ ಕಾಗದಗಳು. ಈಗ ಓದುವವರೇ ಅಪರೂಪವಾದ, ಮರಾಠಿಯ ಹಳೆಯ ಮೋಡಿ ಲಿಪಿಯವು. ಬೆಳಗಾವಿ ಕಡೆಯ ಹಳ್ಳಿಗೆ ಮದುವೆಯಾಗಿ ಹೋಗಿದ್ದ ತುಳಜಾ, ಹಳಿಯಾಳದ ಕಟ್ಟಿಗೆ ಡಿಪೋದಲ್ಲಿ ಗುಮಾಸ್ತನಾಗಿದ್ದ ಅಣ್ಣ ಕಾಶಿರಾಮನಿಗೆ ಬರೆಸಿದ್ದು. ಆ ಕಾಶಿರಾಮ ಪರಶುರಾಮನ ಮುತ್ತಜ್ಜ.

ಮೋಡಿ ಬಲ್ಲವರನ್ನು ಹುಡುಕಿ ಓದಿಸುವಷ್ಟರಲ್ಲಿ ಎರಡು ವರ್ಷ ಹೋದವು. ಎಮ್ಮೆ ಈದದ್ದು, ಮಗ ಹುಟ್ಟಿದ್ದು, ಪಂಚಮಿಗೆ ಕರೆಯಲು ತವರಿನಿಂದ ಯಾರೂ ಬರಲಿಲ್ಲವೆಂಬ ಮುನಿಸು, ಎಲ್ಲ ಅದರಲ್ಲಿತ್ತು. ೧೮೯೮ರ ಕಡೆಯ ಕಾಗದದಲ್ಲಿ, ಊರಿಗೆ ಪ್ಲೇಗು ಬಂದಿದೆ, ಮಕ್ಕಳನ್ನು ಕಟ್ಟಿಕೊಂಡು ಹೊಲದಲ್ಲಿ ಗುಡಿಸಲು ಹಾಕಿದ್ದೇವೆ ಎಂದಿತ್ತು. ಮುಂದೆ ಏನೂ ಇಲ್ಲ. ತುಳಜಾ ಉಳಿದಳೇ? ಅವಳ ಬಳ್ಳಿ ಎಲ್ಲಾದರೂ ಹಬ್ಬಿದೆಯೇ? ಆ ಹಳ್ಳಿಗೂ ಹೋಗಿಬಂದ. ಅಂಥ ಮನೆತನ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕೊನೆಗೆ ಹಳಿಯಾಳದಲ್ಲಿದ್ದ ಸೋದರತ್ತೆ ಗೋದುಬಾಯಿಯ ಬಳಿ ಹೋದ. ತೊಂಬತ್ತು ದಾಟಿದ ಮುದುಕಿ.

"ತುಳಜಾ ಸತ್ತಿದ್ರ ಒಂದು ಕಾಗದರ ಬರಬೇಕಿತ್ತಲ್ಲ ಅತ್ತಿ?"

"ಬಂದಿದ್ರೂ ನಿನಗ ಹೆಂಗ ಸಿಗಬೇಕೋ ಪರಶ್ಯಾ? ಸಾವಿನ ಕಾಗದ ಮನ್ಯಾಗ ಇಟ್ಕೋತಾರೇನು? ಓದೋದು, ಹರದು ಹೊರಗ ಒಗಿಯೋದು, ತಲಿಮ್ಯಾಲೆ ನೀರು ಹಾಕ್ಕೊಳ್ಳೋದು. ಜನ್ಮಾ ಪೂರ್ತಿ ಕಾಗದಾ ಮಾಡಿದಿ, ಇಷ್ಟೂ ತಿಳೀಲಿಲ್ಲ!"

ಗಂಟಿನ ಒಂದು ಕಾಗದದಲ್ಲೂ ಯಾರೂ ಯಾಕೆ ಸತ್ತಿರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು.

"ನಿನಗೇನರ ಗೊತ್ತೈತೇನು?"

"ಹೆಣ್ಣುಹುಡುಗಿಗೆ ಯಾರು ಹೇಳ್ತಿದ್ರು? ನಮ್ಮ ಅಣ್ಣಗ, ನಿಮ್ಮಪ್ಪಗ, ಎಲ್ಲಾ ಗೊತ್ತಿತ್ತು. ಕಾಶಿರಾಮಜ್ಜನ ಮಗ್ಗಲದಾಗ ಮಲಗಿ ಬೆಳದಾಂವ. ಕಡೀತನಕಾ ನಿನ್ನ ಮನ್ಯಾಗ ಇದ್ನಲ್ಲ, ಒಂದಿನಾನೂ ಕೇಳಲಿಲ್ಲೇನು?"

ಕೇಳಿರಲಿಲ್ಲ. ಅಪ್ಪ ಜಗಲಿಯಲ್ಲಿ ಕುಳಿತು "ನಮ್ಮ ಅಜ್ಜ ಹೇಳ್ತಿದ್ದ..." ಎಂದು ಶುರು ಮಾಡಿದರೆ, ಪಾಳಿ ಮುಗಿಸಿ ಬಂದವನು "ನಾಳೆ ಹೇಳಪ್ಪಾ" ಎಂದು ಒಳಗೆ ಹೋಗುತ್ತಿದ್ದ. ಅಪ್ಪ ಒಮ್ಮೆಯೂ ಬೇಸರಿಸಿಕೊಂಡಿರಲಿಲ್ಲ.

ಆ ವರ್ಷ ಮಹಾಲಯ ಅಮಾವಾಸ್ಯೆಗೆ ಹೆಂಡತಿ ಲಲಿತಾಬಾಯಿ ಹಿರಿಯರಿಗೆ ಎಡೆ ಬಡಿಸಿದಳು. ಪರಶುರಾಮ ಅಪ್ಪ, ಅಜ್ಜ, ಕಾಶಿರಾಮ ಎಂದು ಹೆಸರು ಹೇಳುತ್ತ ನಿಂತು, ಇನ್ನೊಂದು ಬಾಳೆಲೆ ಎತ್ತಿಕೊಂಡ.

"ತುಳಜಾಗೂ ಒಂದು ಎಡಿ ಇಡೂಣು."

"ಕೊಟ್ಟ ಹೆಣ್ಣಿಗೆ ಆಕಿ ಮಕ್ಕಳು ಇಡ್ತಾರ್ರೀ. ನಾವು ಇಟ್ರ, ಆಕಿ ಮನ್ಯಾಗ ದೀಪಾ ಹಚ್ಚಾವ್ರ ಯಾರೂ ಉಳಿದಿಲ್ಲ ಅಂದಂಗ ಆಗೂದಿಲ್ಲೇನು?"

"ಹಂಗಿದ್ರ ಬ್ಯಾಡ," ಎಂದು ಅವನು ಎಲೆಯನ್ನು ಕೆಳಗಿಟ್ಟು, ಕಾಗೆಗೆ ಇಡುವ ತುತ್ತು ಹಿಡಿದು ಹಿತ್ತಲಿಗೆ ಹೋದ.