ನಾನು ಹತ್ತದ ಗುಡ್ಡದಿಂದ ಇಳಿದು ಬಂದದ್ದು

ಕಳೆದ ಆಶ್ವೀಜದಲ್ಲಿ, ದಸರೆ ಮುಗಿದ ಮೊದಲ ಗುರುವಾರ, ನಾವು ಎಂದಿನಂತೆ ದತ್ತಾತ್ರೇಯನ ಗುಡ್ಡಕ್ಕೆ ಹೋಗಿದ್ದೆವು. ನಾವು ಎಂದರೆ ನಾನು, ನನ್ನ ಯಜಮಾನರು, ಪಕ್ಕದ ಕಟ್ಟಡದ ಪ್ರಲ್ಹಾದರಾಯರು, ಅವರ ಹೆಂಡತಿ ಸುಮಿತ್ರಾ ಮತ್ತು ನಮ್ಮ ನಾಯಿ ಬುಂದಿ. ನಾವಿರುವ ಪುಣೆಯಿಂದ ದೇಹೂ ರೋಡ್ ದಾಟಿದ ಮೇಲೆ ಸಿಗುವ ಸಣ್ಣ ಗುಡ್ಡ ಅದು. ಹೆದ್ದಾರಿ ದಾಟಬೇಕಾದ್ದರಿಂದ ಯಾವಾಗಲೂ ರಾಯರ ಕಾರಿನಲ್ಲಿ ಹೋಗುತ್ತಿದ್ದೆವು. ಮಳೆಗಾಲ ಹೋಗಿ ಹುಲ್ಲು ಆಗಷ್ಟೇ ಹಳದಿಗೆ ತಿರುಗುತ್ತಿತ್ತು.

ಗುಡಿಯ ಹಿಂದಿನ ಕಟ್ಟೆಯ ಮೇಲೆ ಕುಳಿತು ಹಾಡುವುದು ನಮ್ಮ ರೂಢಿ. ಯಜಮಾನರು ಚಾಕಣದ ಕಾರ್ಖಾನೆಯ ಲೆಕ್ಕ ವಿಭಾಗದಲ್ಲಿದ್ದು ನಿವೃತ್ತರಾದವರು. ಸಂಗೀತ ಕಲಿತವರಲ್ಲ, ಆದರೆ ಧಾರವಾಡದ ತಾಯಿಯಿಂದ ಬಂದ ದೇವರನಾಮಗಳು ಬಹಳ ಗೊತ್ತಿದ್ದವು. ಅವರು ಒಂದು ಸಾಲು ಹೇಳುವುದು, ನಾವು ಇಬ್ಬರು ಹೆಂಗಸರು ಅದನ್ನೇ ಹಿಂದೆ ಹೇಳುವುದು, ರಾಯರು ತಾಳ ಹಾಕುವುದು. ಸ್ವರ ಮೇಲೇರಿದಾಗ ಬುಂದಿಯೂ ಮೂತಿ ಎತ್ತಿ ಊಳಿಡುತ್ತಿತ್ತು.

"ಸುಮಿತ್ರಾಬಾಯಿ, ಬುಂದ್ಯಾ ನಿಮಗಿಂತ ಛಂದ ಶ್ರುತಿ ಹಿಡೀತದ ನೋಡ್ರಿ," ಎಂದರು ಇವರು.

"ನಿಮ್ಮ ಶಿಷ್ಯ ಅಲ್ಲೇನ್ರಿ ಅದು. ಗುರು ಹೆಂಗೋ ಹಂಗ," ಎಂದಳು ಆಕೆ.

ಹಚ್ಚಿದ ಅವಲಕ್ಕಿ ತಿಂದು ಇಳಿದೆವು. ಇಳಿಯುವಾಗ ಇವರು ಹೇಳಿದ್ದು ನೆನಪಿಡುವಂಥ ಮಾತೇನಲ್ಲ. "ಹಾಲು ತರೋದು ಮರತೇವಿ ನೋಡು," ಎಂದರು.

ಮರುದಿನ ಬೆಳಿಗ್ಗೆ ಇವರು ಬಚ್ಚಲಿನ ಬಾಗಿಲಲ್ಲಿ ಕುಸಿದು ಬಿದ್ದರು. ರಾಯರು ಕಾರು ತಂದರು. ಆಸ್ಪತ್ರೆಯಲ್ಲಿ ಐಸಿಯು ಹೊರಗಿನ ಕಬ್ಬಿಣದ ಕುರ್ಚಿಯ ಮೇಲೆ, ಇವರ ಕನ್ನಡಕ ಮತ್ತು ಚಪ್ಪಲಿ ಇದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಡಾಕ್ಟರರು ನಿಮ್ಮ ಕಡೆಯವರನ್ನು ಕರೆಸಿಕೊಳ್ಳಿ ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ನಮಗೆ ಮಕ್ಕಳಿಲ್ಲ. ಹುಬ್ಬಳ್ಳಿಯಿಂದ ಮೈದುನ ವಿನಾಯಕ ಬಂದ. ಹುಣ್ಣಿಮೆಗೆ ಮೊದಲೇ ಇವರು ಹೋದರು.

ಇದನ್ನು ಓದುವ ಭಕ್ತ ಬಂಧುಗಳಿಗೆ ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಆ ಕುರ್ಚಿಯ ಮೇಲೆ ಕುಳಿತು ನಾನು ದತ್ತನಲ್ಲಿ ಇವರ ಪ್ರಾಣ ಬೇಡಿದ್ದೆ. ಅದು ಸಿಗಲಿಲ್ಲ. ಅದನ್ನು ಮುಚ್ಚಿಟ್ಟು ಉಳಿದದ್ದನ್ನು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ.

ಹದಿಮೂರನೆಯ ದಿನ ಮುಗಿಸಿ ವಿನಾಯಕ ಹೊರಟ. ಬ್ಯಾಗು ಎತ್ತಿಕೊಂಡವನು ಬಾಗಿಲಲ್ಲಿ ನಿಂತು, "ವೈನಿ, ವರ್ಷ ತುಂಬೋತನಕ ಹಬ್ಬ ಇಲ್ಲ. ಗುಡ್ಡದ ಮ್ಯಾಲಿನ ದೇವರಿಗೆ ಹೋಗಂಗಿಲ್ಲ. ನಿಮಗ ಗೊತ್ತದ, ಆದ್ರೂ ಹೇಳಿದೆ," ಎಂದ. ನನಗೆ ಗೊತ್ತಿತ್ತು. ಅತ್ತೆಯವರೂ ಹಾಗೆಯೇ ಇದ್ದರು. ಆ ದಿನದಿಂದ ಗುಡ್ಡವನ್ನು ಮನಸ್ಸಿನಿಂದಲೇ ತೆಗೆದುಹಾಕಿದೆ.

ಆಮೇಲೆ ಮನೆಯಲ್ಲಿ ನಾನು ಮತ್ತು ಬುಂದಿ. ರಾಯರೂ ಸುಮಿತ್ರಾಳೂ ಹದಿಮೂರು ದಿನ ನನ್ನ ಮನೆಯಲ್ಲೇ ದುಡಿದವರು, ಆಮೇಲೆ ಬರಲಿಲ್ಲ. ಗುರುವಾರ ಬಂತು. ಬುಂದಿ ಬೆಳಿಗ್ಗೆಯಿಂದ ಬಾಗಿಲ ಬಳಿ ಕುಳಿತಿತ್ತು. ಯಾರೂ ಗಂಟೆ ಬಾರಿಸಲಿಲ್ಲ. ಹಾಡುವವರು ಇಲ್ಲವಾದ ಮೇಲೆ ನಮ್ಮ ಗೆಳೆತನವೂ ಮುಗಿಯಿತು ಎಂದುಕೊಂಡೆ.

ದೀಪಾವಳಿ ಬಂತು. ಸಾವಾದ ಮನೆಯಲ್ಲಿ ಕರಿದ ತಿಂಡಿ ಮಾಡುವುದಿಲ್ಲ. ಇಲ್ಲಿ ಪುಣೆಯಲ್ಲಿ ಅಂಥ ಮನೆಗೆ ಅಕ್ಕಪಕ್ಕದವರೇ ಚಕ್ಕುಲಿ, ಉಂಡೆ ತಂದುಕೊಡುತ್ತಾರೆ. ಲಕ್ಷ್ಮೀಪೂಜೆಯ ಸಂಜೆ ಒಬ್ಬರಾದ ಮೇಲೆ ಒಬ್ಬರು ಬಂದರು. ಕೆಳಗಿನ ಮನೆಯ ಮರಾಠಿ ಸೊಸೆ ತಟ್ಟೆ ಹಿಡಿದು, "ಕಾಕೂ, ನೀವು ತಿನ್ನಲೇಬೇಕು," ಎಂದು ನನ್ನ ಕೈ ಹಿಡಿದುಕೊಂಡಳು. ನನಗೆ ಅಳು ಬಂತು. ಬಾಗಿಲು ಪೂರ್ತಿ ತೆರೆದಿತ್ತು. ಆಗಲೇ ಮೆಟ್ಟಿಲ ಕೆಳಗೆ ಪಟಾಕಿ ಸರ ಸಿಡಿಯಿತು. ಮಂಚದ ಕೆಳಗಿದ್ದ ಬುಂದಿ ನಮ್ಮ ಕಾಲ ನಡುವೆ ನುಗ್ಗಿ ಓಡಿತು. ಪಾಪ, ಆ ಹುಡುಗಿ ಹಬ್ಬದ ಸೀರೆಯಲ್ಲೇ ರಸ್ತೆಯ ತಿರುವಿನವರೆಗೂ ಹಿಂದೆ ಓಡಿದಳು.

ಮರುದಿನದಿಂದ ಹುಡುಕಿದೆ. ಬೆಳಿಗ್ಗೆ ಬಸ್ಸು ಹತ್ತುವುದು, ಯಾವುದೋ ನಿಲ್ದಾಣದಲ್ಲಿ ಇಳಿಯುವುದು, ಹೋಟೆಲುಗಳ ಹಿಂದೆ, ತರಕಾರಿ ಮಂಡಿಯ ಹತ್ತಿರ, ರೈಲು ಹಳಿಯ ಗುಂಟ ಹೆಸರು ಕೂಗುತ್ತ ನಡೆಯುವುದು. ಆಟೋದವರು ಪಟಾಕಿಗೆ ಹೆದರಿದ ನಾಯಿ ಬಹಳ ದೂರ ಹೋಗುತ್ತದೆ ಎಂದರು. ಹೆದ್ದಾರಿ ದಾಟಿರದಿದ್ದರೆ ಸಾಕು ಎಂದು ಒಬ್ಬ ಹೇಳಿದ. ಮನೆಗೆ ಬಂದರೆ ಬಾಗಿಲ ಹಿಂದೆ ಉಗುರಿನ ಸದ್ದಿಲ್ಲ. ಆ ಮನೆಯಲ್ಲಿ ಇವರಿದ್ದರೆಂದು ನನ್ನ ಹಾಗೆ ಬಲ್ಲ ಜೀವ ಅದೊಂದೇ ಇತ್ತು.

ನಮ್ಮ ಅಡುಗೆಮನೆಯಲ್ಲಿ ದತ್ತನ ಪಟವಿದೆ. ಅವನ ಕಾಲ ಬಳಿ ನಾಯಿಗಳಿರುವುದು ನಿಮಗೆಲ್ಲ ಗೊತ್ತು. ದೀಪ ಹಚ್ಚಿ, ಗಟ್ಟಿಯಾಗಿಯೇ ಹೇಳಿದೆ. "ಅವರನ್ನ ಕೊಡು ಅಂತ ಇನ್ನ ಕೇಳೂದಿಲ್ಲ. ಬುಂದಿನ್ನ ಮನೀಗೆ ಕಳಸು. ನಿನ್ನ ಹತ್ರ ಅಷ್ಟು ನಾಯಿ ಅವ, ನನಗ ಒಂದಽ ಇತ್ತು."

ಅದರ ಮುಂದಿನ ಗುರುವಾರ ಬೆಳಿಗ್ಗೆ ಬಾಗಿಲ ಗಂಟೆ ಸದ್ದಾಯಿತು. ಪ್ರಲ್ಹಾದರಾಯರು, ಹಿಂದೆ ಸುಮಿತ್ರಾ.

"ಅಕ್ಕಾರ, ಚಪ್ಪಲಿ ಹಾಕ್ಕೊಳ್ರಿ. ಬುಂದಿ ಗುಡ್ಡದ ಮ್ಯಾಲದ. ಪೂಜಾರಿ ಫೋನ್ ಮಾಡಿದ್ದ. ನಮ್ಮ ಕಟ್ಟೀ ಮ್ಯಾಲ ಕೂತದಂತ, ಯಾರನ್ನೂ ಹತ್ರ ಬಿಡವಲ್ದಂತ. ಬಂದ ಜನಾ ಹೆದರತಾರ ಅಂತ ನಾಯಿ ಹಿಡಿಯೋ ಗಾಡಿಗೆ ಹೇಳ್ಯಾರ. ಮಧ್ಯಾಹ್ನ ಬರ್ತದ."

ಹೆದ್ದಾರಿ ದಾಟಿ ಅಷ್ಟು ದೂರ ಅದು ಹೇಗೆ ಹೋಯಿತೋ ನನಗೆ ಇಂದಿಗೂ ತಿಳಿಯದು.

ಗುಡ್ಡದ ಬುಡದಲ್ಲಿ ಕಾರು ನಿಂತಿತು. ನಾನು ಇಳಿದು ಮೆಟ್ಟಿಲ ಬಳಿ ನಿಂತೆ.

"ಹತ್ತ್ರಿ ಅಕ್ಕಾರ," ಎಂದಳು ಸುಮಿತ್ರಾ. "ಜೀವದ ಪ್ರಶ್ನೆ ಅದ. ದತ್ತಪ್ಪ ಬ್ಯಾಡ ಅಂತಾನೇನ್ರಿ?"

ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟೆ, ತೆಗೆದೆ. ಓದಿದವರು ನಗಬಹುದು. ಆದರೆ ಇವರಿಗಾಗಿ ಮಾಡಲು ನನ್ನ ಪಾಲಿಗೆ ಉಳಿದದ್ದು ಆ ಒಂದು ವರ್ಷದ ನೇಮ ಮಾತ್ರ. ಅದನ್ನೂ ಬಿಟ್ಟರೆ ನನ್ನ ಬಳಿ ಏನೂ ಇರುತ್ತಿರಲಿಲ್ಲ. ಅತ್ತ ಬುಂದಿಯನ್ನು ಗಾಡಿಯವರು ಒಯ್ದರೂ ಏನೂ ಇರುತ್ತಿರಲಿಲ್ಲ. ನಾನು ಅಲ್ಲೇ ಕುಳಿತುಬಿಟ್ಟೆ. ಅವರಿಬ್ಬರೂ ಹತ್ತಿದರು.

ಸ್ವಲ್ಪ ಹೊತ್ತಿಗೆ ರಾಯರ ಫೋನು ಬಂತು. "ಬಿಸ್ಕೀಟು ಮೂಸಿ ನೋಡವಲ್ದು. ನಾ ಹತ್ರ ಹೋದ್ರ ಗುರ್ ಅಂತದ. ನೀವು ಫೋನಿನ್ಯಾಗ ಕರೀರಿ, ಅದಕ್ಕ ಕೇಳಸ್ತೇನಿ." ಕರೆದೆ. ನನ್ನ ದನಿ ಕೇಳಿ ಬುಂದಿ ಎದ್ದಿತಂತೆ. ಆದರೆ ನಾನು ಕಾಣದೆ ಕಟ್ಟೆಯ ಸುತ್ತ, ಗುಡಿಯ ಸುತ್ತ ಹುಚ್ಚು ಹಿಡಿದಂತೆ ಓಡಿ ಆಚೆಯ ಪೊದೆಗಳಿಗೆ ನುಗ್ಗಿತಂತೆ. "ಬ್ಯಾಡ, ಬ್ಯಾಡ, ಫೋನ್ ಇಡ್ರಿ," ಎಂದರು ರಾಯರು. ನನ್ನ ಕೈಯಾರೆ ಅದನ್ನು ಕಳೆದೆ ಎನ್ನಿಸಿತು. ಕಣ್ಣು ಮುಚ್ಚಿ ದತ್ತನಿಗೆ, ನನ್ನಿಂದ ಇನ್ನು ಆಗದು, ನೀನೇ ನೋಡಿಕೋ ಎಂದೆ.

ಆಗ ಮೇಲಿಂದ ಹಾಡು ಕೇಳಿಸಿತು. ಸುಮಿತ್ರಾಳ ದನಿ. ಇವರು ಹೇಳಿಕೊಡುತ್ತಿದ್ದ ಹಾಡು, ಇವರು ಹೇಳುತ್ತಿದ್ದ ಸಾಲು. ಎಂದೂ ಮೊದಲು ಹಾಡಿದವಳಲ್ಲ ಆಕೆ, ಹಿಂದೆಯೇ ಹೇಳಿದವಳು. ಸಾಲು ಮುಗಿದು ಖಾಲಿ ಬಿದ್ದಿತು. ಆ ಖಾಲಿ ಜಾಗದಲ್ಲಿ ಹಿಂದೆ ಹೇಳುವವಳು ನಾನು. ನಾನಾಗಿ ನಿರ್ಧರಿಸಲಿಲ್ಲ, ಬಾಯಿ ತೆರೆಯಿತು. ಕೆಳಗಿನಿಂದ ಹೇಳಿದೆ. ಅವಳು ಮುಂದಿನ ಸಾಲು ಹಿಡಿದಳು, ನಾನು ಮತ್ತೆ ಹೇಳಿದೆ. ಮಾರ್ಗದಲ್ಲಿ ಬರುತ್ತಿದ್ದ ಹೆಂಗಸರು ನಿಂತು ನೋಡಿದರು.

ಪೊದೆಯಿಂದ ಹೊರಬಂದ ಬುಂದಿ ಮೊದಲು ಸುಮಿತ್ರಾಳ ಕಡೆ ತಿರುಗಿತಂತೆ, ಆಮೇಲೆ ನನ್ನ ದನಿಯ ಕಡೆ ಕಿವಿ ನಿಮಿರಿಸಿತಂತೆ. ನಾನು ಕಂಡದ್ದು ಇಷ್ಟು. ಮೆಟ್ಟಿಲ ತಿರುವಿನಲ್ಲಿ ಕಂದು ಬಣ್ಣದ ಮೂತಿ ಕಾಣಿಸಿತು. ಕುಂಟುತ್ತ, ಒಂದೊಂದೇ ಮೆಟ್ಟಿಲು ಇಳಿದು ಬಂದು, ನನ್ನ ಮಡಿಲಲ್ಲಿ ತಲೆಯಿಟ್ಟಿತು. ಹೊಟ್ಟೆ ಬೆನ್ನಿಗೆ ಹತ್ತಿತ್ತು.

ಹಿಂದೆ ರಾಯರು ಏದುಸಿರು ಬಿಡುತ್ತ ಇಳಿದರು. "ಒಬ್ಬರ ಶ್ರುತಿ ಮ್ಯಾಲ, ಒಬ್ಬರದು ಕೆಳಗ. ನಾಯಿ ಬಂತು, ಅದಕ್ಕ ಸುಮ್ನಿದ್ದೇನಿ," ಎಂದರು.

ಕಾರಿನಲ್ಲಿ ಸುಮಿತ್ರಾಳನ್ನು ಕೇಳಿದೆ, ಏಕೆ ಬರಲಿಲ್ಲ ಎಂದು.

"ನಮ್ಮ ಮಾರಿ ನೋಡಿದ್ರ ನಿಮಗ ಹಾಡು ನೆನಪಾಗ್ತದ, ವರ್ಷಾ ಮುಗೀಲಿ ಅಂತ ತಡದ್ವಿ ಅಕ್ಕಾರ. ಗುರುವಾರ ನಾವೂ ಎಲ್ಲೂ ಹೋಗಿಲ್ರಿ. ಮನ್ಯಾಗ ಟೀವಿ ಹಚ್ಚಿ ಕೂತಿದ್ವಿ," ಎಂದು ಅತ್ತಳು. ನನಗೆ ಮರ್ಯಾದೆ ಕೊಡಲೆಂದು ಅವರು ದೂರ ನಿಂತಿದ್ದರು. ನಾನು ಅದನ್ನು ಬೇರೆಯಾಗಿ ತಿಳಿದಿದ್ದೆ.

ಬುಂದಿಯ ಕಾಲಿನ ಗಾಯ ಮಾಗಿದೆ. ಈಗ ಗುರುವಾರ ಅವರಿಬ್ಬರೂ ಮೇಲೆ ಹೋಗಿ ಕಾಯಿ ಒಡೆಸಿಕೊಂಡು ಬಂದು, ಗುಡ್ಡದ ಬುಡದಲ್ಲಿ ನನ್ನ ಪಕ್ಕ ಕೂಡುತ್ತಾರೆ. ಅಲ್ಲಿಯೇ ಹಾಡುತ್ತೇವೆ. ನಾನು ಹತ್ತಲಾರದವಳೆಂದು ತಿಳಿದು ದತ್ತನೇ ಬುಂದಿಯನ್ನು ಇಳಿಸಿ ಕಳಿಸಿದ. ಇದನ್ನು ನಾನು ನಂಬುತ್ತೇನೆ, ಮೊದಲಿಗಿಂತ ಗಟ್ಟಿಯಾಗಿ ನಂಬುತ್ತೇನೆ. ಬೇಡಿದ ದೊಡ್ಡದನ್ನು ಅವನು ಏಕೆ ಕೊಡಲಿಲ್ಲವೋ ಕೇಳುವಷ್ಟು ತಿಳಿವಳಿಕೆ ನನಗಿಲ್ಲ. ಬೇಡಿದ ಸಣ್ಣದನ್ನು ಕೊಟ್ಟ, ನಾನು ಕೇಳದಿದ್ದರೂ ಗೆಳತಿಯನ್ನೂ ಮರಳಿ ಕೊಟ್ಟ. ಅದಕ್ಕಾಗಿ ಅವನ ಪಾದಕ್ಕೆ ನನ್ನ ನಮಸ್ಕಾರ.

ನನ್ನನ್ನು ವೈನಿ, ಅಕ್ಕ, ಕಾಕೂ ಎಂದು ಕರೆಯುವವರು ಬಹಳ ಜನರಿದ್ದಾರೆ. ಹೆಸರು ಹಿಡಿದು ನೀನು ಎನ್ನುತ್ತಿದ್ದವರು ಇವರೊಬ್ಬರೇ, ಈಗ ಯಾರೂ ಇಲ್ಲ.