ಕ್ಯಾಪ್ಟನ್ನರ ಚೀಲ

ಸ್ನೇಹಿತರೇ, ಇವತ್ತು ಕುಂದಗೋಳದ ಸಂತೆಯಲ್ಲಿ ನಮ್ಮ ಹಳೆಯ ಕ್ಯಾಪ್ಟನ್ ಸಿಕ್ಕರು. ಎಂಬತ್ತರ ದಶಕದಲ್ಲಿ ನಾನು ವಿಶ್ವವಿದ್ಯಾಲಯದ ಖೋ ಖೋ ತಂಡ ಸೇರಿದಾಗ ಒಂದು ಪದ್ಧತಿಯಿತ್ತು: ಕೊನೆಗೆ ಸೇರಿದವನು ಕ್ಯಾಪ್ಟನ್ನರ ಚೀಲ ಹೊರಬೇಕು.

ಕಂಡೊಡನೆ ಅವರು ಉಳ್ಳಾಗಡ್ಡಿ ಚೀಲ ಚಾಚಿದರು. “ಹಿಡೀಲೇ. ನೀ ಬಂದಮ್ಯಾಲ ನನ್ನ ಟೀಮಿಗೆ ಯಾರೂ ಸೇರಿಲ್ಲ.”

ನಿವೃತ್ತ ಹೆಡ್‌ಮಾಸ್ತರನಾದ ನಾನು ಕೈಚಾಚಿ ಹಿಡಿದೆ.

ಪಕ್ಕದಲ್ಲಿದ್ದ ಹೆಂಡತಿ ಇದನ್ನು ನೋಡಿ, ನನ್ನ ಹೆಗಲ ಮೇಲಿದ್ದ ಜೋಳದ ಚೀಲವನ್ನು ಇಳಿಸಿ ಅವರ ಹೆಗಲಿಗೇರಿಸಿದಳು. “ನಮ್ಮ ಮನ್ಯಾಗೂ ಅದ ಪದ್ಧತಿ ಐತ್ರಿ. ಇವತ್ತ ಹೊಸಬರು ನೀವ.”

ಬಸ್‌ಸ್ಟ್ಯಾಂಡಿನವರೆಗೆ ನಾನು ಅವರ ಚೀಲ ಹೊತ್ತೆ, ಅವರು ಅವಳ ಚೀಲ ಹೊತ್ತರು. ಕ್ಯಾಪ್ಟನ್ ಮಾತ್ರ ಕೈಬೀಸಿಕೊಂಡು ಮುಂದೆ ನಡೆದಳು.